ಬಿಡಬೇಕಾದ ಚೆಂಡು

ನಮ್ಮ ಮನೆಯ ಹೆಂಗಸರಿಗೆ ಕ್ರಿಕೆಟ್ ಎಂದರೆ ಬಹಳ ಕಾಲ ಕಾಫಿಯ ಲೆಕ್ಕವಾಗಿತ್ತು. ಒಂದು ದಿನದ ಪಂದ್ಯವಾದರೆ ಮೂರು ಸುತ್ತು ಕಾಫಿ, ನಡುವೆ ಒಮ್ಮೆ ಬೋಂಡವೋ ಒಗ್ಗರಣೆ ಅವಲಕ್ಕಿಯೋ. ಐದು ದಿನದ ಪಂದ್ಯವಾದರೆ ಆ ಲೆಕ್ಕಕ್ಕೆ ಕೊನೆ ಮೊದಲಿರುತ್ತಿರಲಿಲ್ಲ. ಮಾವನವರು, ಮೈದುನಂದಿರು, ಎದುರು ಮನೆಯ ಹುಡುಗರು ಎಲ್ಲ ನಡುಮನೆಯಲ್ಲಿ ಟೀವಿಯ ಮುಂದೆ ಕೂತಿರುತ್ತಿದ್ದರು. ಒಳಗಿದ್ದ ಅತ್ತೆಗೂ ನನಗೂ ಅವರ ಕೂಗಿನಿಂದಲೇ ಆಟದ ಗತಿ ತಿಳಿಯುತ್ತಿತ್ತು. ‘ಛೇ’ ಎಂದರೆ ನಮ್ಮವರು ಔಟಾದರು ಎಂದರ್ಥ. ಆಗ ತಟ್ಟೆ ಲೋಟ ತೆಗೆಯಲು ಆ ಕಡೆ ಹೋಗದಿರುವುದೇ ಜಾಣತನವಾಗಿತ್ತು.

ಇಂಥ ನಾನು ಆ ಆಟವನ್ನು ಕೂತು ನೋಡಲು ಕಲಿತದ್ದು ರಾಹುಲ್ ದ್ರಾವಿಡ್ ಅವರಿಂದ. ಕಾರಣ ಹೇಳಿದರೆ ನೀವು ನಗಬಹುದು. ಬೇರೆಯವರ ಆಟ ನೋಡಬೇಕೆಂದು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಪೆವಿಲಿಯನ್ ಸೇರಿರುತ್ತಿದ್ದರು. ದ್ರಾವಿಡ್ ಹಾಗಲ್ಲ. ಅವರು ಆಡಲು ನಿಂತರೆ ಒಂದಿಷ್ಟು ನೋಡಿ, ಒಳಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿ, ಹುರುಳಿಕಾಯಿ ಸೋಸಿಕೊಂಡು ಬಂದು ನೋಡಿದರೂ ಅಲ್ಲೇ ಇರುತ್ತಿದ್ದರು. ಸಾಯಂಕಾಲ ಶಾಲೆಯಿಂದ ಬಂದಾಗಲೂ ಇರುತ್ತಿದ್ದರು. ಅಡುಗೆಮನೆಯ ಪ್ರೇಕ್ಷಕರನ್ನು ಕಾಯುವಷ್ಟು ಸೌಜನ್ಯವಿದ್ದ ಒಬ್ಬ ಆಟಗಾರ ಸಿಕ್ಕಿದರಲ್ಲ ಎಂದು ನನಗೆ ಸಂತೋಷವಾಗಿತ್ತು.

ಅವರನ್ನು ಎಲ್ಲರೂ ‘ಗೋಡೆ’ ಎಂದು ಕರೆದರು. ಇಂಗ್ಲಿಷಿನ ‘ದಿ ವಾಲ್’ ಕನ್ನಡ ಪತ್ರಿಕೆಗಳಲ್ಲೂ ಹಾಗೆಯೇ ನಿಂತಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರ ಗೌರವಕ್ಕೆಂದು ಇಟ್ಟಿಗೆಯ ಗೋಡೆಯನ್ನೇ ಕಟ್ಟಿದ್ದಾರೆ. ಬಹಳ ವರ್ಷ ನಾನೂ ಆ ಹೆಸರನ್ನು ಅಭಿಮಾನದಿಂದಲೇ ಹೇಳಿಕೊಂಡು ಬಂದೆ. ಈಗ ಅವರ ಆಟದ ಬದುಕನ್ನು ಹಿಂತಿರುಗಿ ನೋಡುವಾಗ, ಒಬ್ಬ ಮನುಷ್ಯನ ಹದಿನಾರು ವರ್ಷದ ದುಡಿಮೆಗೆ ನಾವು ಕೊಟ್ಟ ಈ ಹೊಗಳಿಕೆ ಸರಿಯಾದದ್ದೇ ಎಂಬ ಅನುಮಾನ ಹುಟ್ಟಿದೆ. ಹಾಗೆ ನೋಡಿದರೆ ಈ ಬರಹ ದ್ರಾವಿಡ್ ಅವರ ವಿಮರ್ಶೆಗಿಂತ ಆ ಒಂದು ಮಾತಿನ ವಿಮರ್ಶೆಯೇ ಹೆಚ್ಚು.

ಮೊದಲು ಆ ಮಾತಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ದ್ರಾವಿಡ್ 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿ 95 ರನ್ ಮಾಡಿದರು. 2012ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಕೊನೆಯ ಟೆಸ್ಟ್ ಆಡಿದರು. ಈ ಎರಡರ ನಡುವೆ 164 ಟೆಸ್ಟ್, 13,288 ರನ್, 36 ಶತಕ. ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಕ್ರಿಕೆಟ್‌ನ ಚರಿತ್ರೆಯಲ್ಲಿ ಅಷ್ಟು ಚೆಂಡು ಎದುರಿಸಿದವರು ಇನ್ನೊಬ್ಬರಿಲ್ಲ. ಕ್ರೀಸಿನಲ್ಲಿ ನಿಂತ ಹೊತ್ತು 44,152 ನಿಮಿಷ, ಎಂದರೆ ಸುಮಾರು 736 ಗಂಟೆ. ದಿನಕ್ಕೆ ಐದು ಗಂಟೆ ಪಾಠ ಮಾಡುವ ನನ್ನಂಥ ಮೇಷ್ಟರಮ್ಮನ ಲೆಕ್ಕದಲ್ಲಿ ಅದು ನೂರೈವತ್ತು ದಿನಕ್ಕೆ ಹತ್ತಿರ, ಅದೂ ಕಣ್ಣು ಮಿಟುಕಿಸಿದರೆ ಕೆಲಸ ಹೋಗುವಂಥ ಪಾಠ. ಆದ್ದರಿಂದ ಗೋಡೆ ಎಂದವರು ಸುಳ್ಳು ಹೇಳಲಿಲ್ಲ. ಅವರು ಕಂಡದ್ದು ಅರ್ಧ ಅಷ್ಟೆ.

ನಮ್ಮ ಶಾಲೆಯ ಹಿಂದಿನ ಗೋಡೆಗೆ ಹುಡುಗರು ರಬ್ಬರ್ ಚೆಂಡು ಹೊಡೆದು ಆಡುತ್ತಿರುತ್ತಾರೆ. ಗೋಡೆ ಬಂದ ಚೆಂಡನ್ನೆಲ್ಲ ತಡೆಯುತ್ತದೆ. ಮೇಲೆ ಬಂದದ್ದು, ಕೆಳಗೆ ಬಂದದ್ದು, ಓರೆಯಾಗಿ ಬಂದದ್ದು ಎಂದು ಅದಕ್ಕೆ ಭೇದವಿಲ್ಲ. ದ್ರಾವಿಡ್ ಅವರ ಆಟದ ಗುಟ್ಟು ಇದಕ್ಕೆ ತೀರಾ ವಿರುದ್ಧವಾದದ್ದು. ಅವರು ಎಷ್ಟು ಚೆಂಡುಗಳನ್ನು ಆಡಿದರೋ ಅಷ್ಟೇ ಮುಖ್ಯವಾಗಿ ಎಷ್ಟೋ ಚೆಂಡುಗಳನ್ನು ಆಡದೆ ಬಿಟ್ಟರು. ಹೊಸ ಚೆಂಡು, ಮೋಡ ಕವಿದ ಇಂಗ್ಲೆಂಡಿನ ಬೆಳಗು, ಆಫ್ ಸ್ಟಂಪಿನ ಒಂದು ಗೇಣು ಆಚೆಗೆ ಬಂದು ಹೊರಗೆ ತಿರುಗುವ ಚೆಂಡು. ನೋಡಿದವರಿಗೆ ಹೊಡೆಯಬೇಕು ಅನ್ನಿಸುವ ಚೆಂಡು ಅದು, ಮುಟ್ಟಿದರೆ ಸ್ಲಿಪ್‌ನಲ್ಲಿ ನಿಂತವರ ಕೈ ಸೇರುವಂಥದ್ದು. ದ್ರಾವಿಡ್ ಅದರ ದಾರಿಯನ್ನು ಕೊನೆಯ ತನಕ ನೋಡಿ ಬ್ಯಾಟನ್ನು ಮೇಲೆತ್ತಿ ಬಿಟ್ಟುಬಿಡುತ್ತಿದ್ದರು. ಮುಂದಿನದನ್ನೂ ಬಿಡುತ್ತಿದ್ದರು. ಬೌಲರ್ ರೋಸಿಹೋಗಿ ಕೊನೆಗೆ ಕಾಲಿನ ಕಡೆಗೋ ಗಿಡ್ಡದಾಗಿಯೋ ಹಾಕಿದಾಗ ಅದನ್ನು ಬೌಂಡರಿಗೆ ಕಳಿಸುತ್ತಿದ್ದರು.

ಬಿಡುವುದು ಸುಲಭವೆಂದು ಕಾಣುತ್ತದೆ. ಆದರೆ ಒಂದು ಚೆಂಡನ್ನು ಬಿಡಬೇಕಾದರೆ ಅದು ಎಲ್ಲಿ ಬೀಳುತ್ತದೆ, ಎತ್ತ ತಿರುಗುತ್ತದೆ, ತನ್ನ ವಿಕೆಟ್ ಎಲ್ಲಿದೆ ಎಂಬ ಮೂರೂ ಗೊತ್ತಿರಬೇಕು. ತಪ್ಪಿದರೆ ಸ್ಟಂಪು ಹಾರುತ್ತದೆ. ಆಡಲು ಹೋಗಿ ಔಟಾದವನಿಗೆ ಸಿಗುವ ಅನುಕಂಪ ಬಿಟ್ಟು ಔಟಾದವನಿಗೆ ಸಿಗುವುದಿಲ್ಲ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ಅವರು 18ರಿಂದ 19ಕ್ಕೆ ಹೋಗಲು 40 ಚೆಂಡು ತೆಗೆದುಕೊಂಡರು. ಆ ಒಂದು ರನ್ ಬಂದಾಗ ಸಿಡ್ನಿಯ ಜನ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಹಾಸ್ಯವಿತ್ತು. ದ್ರಾವಿಡ್ ಅದಕ್ಕೂ ಬ್ಯಾಟ್ ಎತ್ತಿ ವಂದಿಸಿದರು. ತನ್ನನ್ನು ನೋಡಿ ತಾನೇ ನಗಬಲ್ಲವನನ್ನು ಗೋಡೆ ಎನ್ನಲು ಮನಸ್ಸು ಬರುವುದಿಲ್ಲ.

ಗೋಡೆಗೆ ಇನ್ನೊಂದು ಗುಣವಿದೆ, ಅದು ಕಟ್ಟಿದ ಜಾಗದಲ್ಲೇ ಇರುತ್ತದೆ. ದ್ರಾವಿಡ್ ಅವರನ್ನು ತಂಡ ಒಂದೇ ಜಾಗದಲ್ಲಿ ಇರಗೊಟ್ಟದ್ದು ಕಡಿಮೆ. ಮೊದಲ ಟೆಸ್ಟ್‌ನಲ್ಲಿ ಏಳನೆಯವರಾಗಿ ಬಂದರು, ಆಮೇಲೆ ಮೂರನೆಯವರಾದರು. 1998ರಲ್ಲಿ ನಿಧಾನವಾಗಿ ಆಡುತ್ತಾರೆಂದು ಒಂದು ದಿನದ ತಂಡದಿಂದ ಕೈಬಿಟ್ಟರು. ಮರುವರ್ಷದ ವಿಶ್ವಕಪ್‌ನಲ್ಲಿ 461 ರನ್ ಮಾಡಿ ಇಡೀ ಪಂದ್ಯಾವಳಿಯಲ್ಲೇ ಎಲ್ಲರಿಗಿಂತ ಮುಂದೆ ನಿಂತವರು ಅವರೇ. ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕು, ಜಾಗ ಸಾಲದು ಎಂದಾಗ ಅವರ ಕೈಗೆ ವಿಕೆಟ್ ಕೀಪರನ ಗವಸು ಬಂತು. 2003ರ ವಿಶ್ವಕಪ್ ಸೇರಿ 73 ಒಂದು ದಿನದ ಪಂದ್ಯಗಳಲ್ಲಿ ಅವರು ಕೀಪಿಂಗ್ ಮಾಡಿದರು. ಪ್ರತಿ ಚೆಂಡಿಗೂ ಕುಕ್ಕರುಗಾಲಿನಲ್ಲಿ ಕೂತು ಏಳುವ ಕೆಲಸ ಅದು. 2006ರಲ್ಲಿ ಲಾಹೋರಿನಲ್ಲಿ ಆರಂಭದ ಆಟಗಾರರ ಸಮಸ್ಯೆ ಬಂದಾಗ, ಸ್ವತಃ ನಾಯಕರಾಗಿದ್ದವರು ತಾವೇ ಮೊದಲಿಗೆ ಹೋಗಿ ವೀರೇಂದ್ರ ಸೆಹ್ವಾಗ್ ಜೊತೆ 410 ರನ್ ಕೂಡಿಸಿದರು. 1956ರಲ್ಲಿ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಮಾಡಿದ್ದ 413ರ ದಾಖಲೆಗೆ ಬರೀ ಮೂರು ಕಡಿಮೆ.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಕ್ರಿಕೆಟ್ ಬಿಟ್ಟು ಬೇರೆ ಕಡೆಗೆ ಹೋಗುತ್ತದೆ. ನಿಮ್ಮದೂ ಹೋಗಿರಬಹುದು.

ನಾನು ಈ ಊರಿಗೆ ಬಂದ ಹೊಸದರಲ್ಲಿ, ಬಿ.ಎ., ಬಿ.ಎಡ್. ಮುಗಿಸಿದ್ದವಳು ಅಂಚೆ ಶಿಕ್ಷಣದಲ್ಲಿ ಎಂ.ಎ. ಮಾಡಬೇಕೆಂದು ಅರ್ಜಿ ತರಿಸಿದ್ದೆ. ಆ ವರ್ಷ ನಾದಿನಿಯ ಬಾಣಂತನ ಬಂತು. “ನೀನೊಬ್ಬಳು ಇದ್ದೀಯಲ್ಲ ತಾಯಿ, ನಮ್ಮನೆಗೆ ಕಂಬ ಇದ್ದ ಹಾಗೆ” ಎಂದರು ಅತ್ತೆ. ನನಗೆ ಕಣ್ಣು ತುಂಬಿ ಬಂತು. ಅರ್ಜಿ ಗೋದ್ರೇಜ್ ಬೀರುವಿನಲ್ಲಿ ಉಳಿಯಿತು. ಎರಡನೆಯ ಸಲ ಮಾವನವರಿಗೆ ಲಕ್ವ ಹೊಡೆಯಿತು. ಮೂರನೆಯ ಸಲ ಶಾಲೆಯಲ್ಲಿ ಜನಗಣತಿ, ಮತದಾರರ ಪಟ್ಟಿ, ಪರೀಕ್ಷಾ ಕೇಂದ್ರದ ಕೆಲಸ ಒಟ್ಟಿಗೆ ಬಂದವು. “ಮೇಡಂಗೆ ಕೊಡಿ, ಅವರು ಇಲ್ಲ ಅನ್ನೋರಲ್ಲ” ಎಂದು ಮುಖ್ಯೋಪಾಧ್ಯಾಯರು ನನ್ನೆದುರಿಗೇ ಹೇಳಿದರು. ಆಗಲೂ ನನಗೆ ಹೆಮ್ಮೆಯೇ ಆಯಿತು. ಯಾರೂ ನನ್ನನ್ನು ಗದರಿಸಲಿಲ್ಲ, ಬಲವಂತ ಮಾಡಲಿಲ್ಲ. ಹೊಗಳಿದರು, ಅಷ್ಟೆ. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೇನೋ. ಹೊಗಳಿದವರಿಗೆ ಏನೆಂದು ಉತ್ತರ ಕೊಡುವುದು?

ಕಂಬ, ಗೋಡೆ, ಭೂಮಿತಾಯಿ. ನಮ್ಮನ್ನು ಹೊಗಳುವ ಮಾತುಗಳೆಲ್ಲ ಹೆಚ್ಚುಕಡಿಮೆ ಅಲುಗಾಡದ ವಸ್ತುಗಳ ಹೆಸರು. ಅಲುಗಾಡದ್ದರ ಮೇಲೆ ಯಾರು ಏನು ಬೇಕಾದರೂ ಹೇರಬಹುದು. ಗೋಡೆಗೆ ಮೊಳೆ ಹೊಡೆಯುವಾಗ ಅದರ ಅಪ್ಪಣೆ ಕೇಳುವವರಿಲ್ಲ.

ಆದರೆ ದ್ರಾವಿಡ್ ಅವರನ್ನು ನಮ್ಮ ಜಾತಿಗೆ ಸೇರಿಸಿಕೊಂಡು ಮರುಗುವುದು ಸರಿಯಲ್ಲ ಎಂದು ಆಮೇಲೆ ಹೊಳೆಯಿತು. ನಮಗೂ ಅವರಿಗೂ ದೊಡ್ಡ ವ್ಯತ್ಯಾಸವಿದೆ. ಅವರಿಗೆ ಬೇಕಾದ್ದು ಒಂದಿತ್ತು, ಅದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ರನ್ನಿನ ಹಸಿವು ಅವರಿಗೆ ಯಾರಿಗಿಂತಲೂ ಕಡಿಮೆ ಇರಲಿಲ್ಲ. 2001ರ ಮಾರ್ಚ್‌ನ ಕೋಲ್ಕತ್ತ ಪಂದ್ಯವನ್ನೇ ನೋಡಿ. ಆಸ್ಟ್ರೇಲಿಯ ಸತತ 16 ಟೆಸ್ಟ್ ಗೆದ್ದು ಬಂದಿತ್ತು. ನಮ್ಮವರು 171ಕ್ಕೆ ಮುಗಿದು, 274 ರನ್ ಹಿಂದೆ ಬಿದ್ದು, ಫಾಲೋ ಆನ್ ಆಡಬೇಕಾಯಿತು. ಮೊದಲ ಇನಿಂಗ್ಸ್‌ನಲ್ಲಿ 59 ಮಾಡಿದ್ದ ವಿ.ವಿ.ಎಸ್. ಲಕ್ಷ್ಮಣ್ ಅವರನ್ನು ಮೂರನೆಯ ಸ್ಥಾನಕ್ಕೆ ತಂದು, ಸರಿಯಾಗಿ ಆಡದಿದ್ದ ದ್ರಾವಿಡ್ ಅವರನ್ನು ಆರಕ್ಕೆ ಇಳಿಸಿದರು. ಮನೆಯ ಹಿರಿ ಸೊಸೆಯನ್ನು ಪಂಕ್ತಿಯ ಕೊನೆಗೆ ಕೂರಿಸಿದ ಹಾಗೆ. ನಾಲ್ಕನೆಯ ದಿನ ಬೆಳಗಿನಿಂದ ಸಂಜೆಯ ತನಕ ಇಬ್ಬರೂ ಔಟಾಗದೆ ಆಡಿದರು. 376 ರನ್ನಿನ ಜೊತೆಯಾಟ. ಲಕ್ಷ್ಮಣ್ 281, ದ್ರಾವಿಡ್ 180. ಮರುದಿನ ಭಾರತ 171 ರನ್ನಿನಿಂದ ಗೆದ್ದಿತು. ಆ ಆಟದಲ್ಲಿ ನನಗೆ ಮರೆಯದೆ ಉಳಿದದ್ದು ಬೇರೊಂದು ಕ್ಷಣ. ಶತಕ ಮುಟ್ಟಿದಾಗ ದ್ರಾವಿಡ್ ಎಂದಿನ ಹಾಗೆ ಮೆಲ್ಲಗೆ ಬ್ಯಾಟ್ ಎತ್ತಲಿಲ್ಲ. ಪತ್ರಿಕೆಯವರು ಕೂರುವ ಕಡೆಗೆ ಬ್ಯಾಟನ್ನು ಚಾಚಿ ಸಿಟ್ಟಿನಿಂದ ತೋರಿಸಿದರು. ಗೋಡೆಗೆ ಸಿಟ್ಟು ಬಂದಿತ್ತು! ನಡುಮನೆಯಲ್ಲಿದ್ದವರು ಲಕ್ಷ್ಮಣ್ ಹೆಸರು ಹೇಳಿ ಕುಣಿಯುತ್ತಿದ್ದರೆ, ಬಾಗಿಲ ಬಳಿ ನಿಂತಿದ್ದ ನನಗೆ ಮಾತ್ರ ಈ ಸಿಟ್ಟು ಕಂಡು ಒಳಗೊಳಗೇ ಸಮಾಧಾನವಾಯಿತು.

2003ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 22 ಚೆಂಡಿನಲ್ಲಿ 50 ರನ್ ಹೊಡೆದವರೂ ಇವರೇ. ಮರು ತಿಂಗಳು ಅಡಿಲೇಡ್‌ನಲ್ಲಿ 233 ಮತ್ತು ಔಟಾಗದೆ 72 ಮಾಡಿ, 1981ರ ನಂತರ ಆಸ್ಟ್ರೇಲಿಯದ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು ತಂದರು. ಅವರ 36 ಶತಕಗಳಲ್ಲಿ 21 ಹೊರದೇಶದವು. ಭಾರತದ ಬ್ಯಾಟ್ಸ್‌ಮನ್‌ಗಳು ಮನೆಯಂಗಳದಲ್ಲಿ ಹುಲಿ, ಪರದೇಶದಲ್ಲಿ ಇಲಿ ಎಂದು ಆಡಿಕೊಳ್ಳುತ್ತಿದ್ದ ಕಾಲ ಅದು. ತಡೆಯುವುದಷ್ಟೇ ಅವರ ಕೆಲಸವಾಗಿದ್ದರೆ ಈ ಪಂದ್ಯಗಳನ್ನು ಗೆಲ್ಲಲು ಆಗುತ್ತಿರಲಿಲ್ಲ.

ವಿಮರ್ಶೆ ಎಂದ ಮೇಲೆ ಕಹಿಯನ್ನೂ ಹೇಳಬೇಕು. ನಾಯಕರಾಗಿ ದ್ರಾವಿಡ್ ಅವರ ಕಾಲ ನನಗೆ ಪೂರ್ತಿ ಒಪ್ಪಿಗೆಯಾದದ್ದಲ್ಲ. ಗೆಲುವುಗಳಿದ್ದವು, 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ 1971ರ ನಂತರದ ಮೊದಲ ಸರಣಿ ಜಯ, 2007ರಲ್ಲಿ ಇಂಗ್ಲೆಂಡಿನಲ್ಲಿ 1986ರ ನಂತರದ ಮೊದಲ ಸರಣಿ ಜಯ. ಆದರೆ 2005ರಲ್ಲಿ ಗ್ರೆಗ್ ಚಾಪೆಲ್ ತರಬೇತುದಾರರಾಗಿ ಬಂದ ಮೇಲೆ ತಂಡದಲ್ಲಿ ಬೆಳೆದ ಒಡಕು ಎಲ್ಲರಿಗೂ ಗೊತ್ತಿರುವುದೇ. ಸೌರವ್ ಗಂಗೂಲಿ ನಾಯಕತ್ವ ಕಳೆದುಕೊಂಡರು, ಆಮೇಲೆ ತಂಡದಿಂದಲೇ ಹೊರಗುಳಿದರು. ಸಚಿನ್ ತೆಂಡೂಲ್ಕರ್ 2014ರ ತಮ್ಮ ಆತ್ಮಕಥೆಯಲ್ಲಿ ಚಾಪೆಲ್ ಅವರ ರೀತಿಯ ಬಗ್ಗೆ ಕಟುವಾಗಿಯೇ ಬರೆದರು. ಅಷ್ಟೆಲ್ಲ ನಡೆಯುವಾಗ ನಾಯಕರಾಗಿದ್ದವರು ದ್ರಾವಿಡ್. ಅವರು ಒಳಗೆ ಏನು ಹೇಳಿದರೋ, ಹೊರಗೆ ನಮಗೆ ಕೇಳಿಸಿದ್ದು ಮೌನವೇ. 2007ರ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ನ ವಿಶ್ವಕಪ್‌ನಿಂದ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತು. ಮನೆಯಲ್ಲಿ ಇಬ್ಬರ ಜಗಳದ ನಡುವೆ ತುಟಿ ಹೊಲಿದುಕೊಂಡು ಕೂರುವುದನ್ನು ನಾವು ತಾಳ್ಮೆ ಎನ್ನುತ್ತೇವೆ. ಅನ್ಯಾಯವಾದವರ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ. ಗೋಡೆ ಎಂಬ ಹೆಸರು ಹೊತ್ತವರಿಗೆ ಇದೊಂದು ಅಪಾಯ. ಮಾತಾಡಬೇಕಾದ ಹೊತ್ತಿನಲ್ಲೂ ಸುಮ್ಮನಿರುವುದೇ ತಮ್ಮ ಗುಣವೆಂದು ಅವರೇ ನಂಬಿಬಿಡಬಹುದು. ಇದನ್ನು ನಾನು ನನ್ನ ಅನುಭವದಿಂದ ಬರೆಯುತ್ತಿದ್ದೇನೆ.

ಮೂರು ಚೆಂಡಿಗೆ ಮೂರು ಸಿಕ್ಸರ್ ಹೊಡೆದ ದ್ರಾವಿಡ್ ಅವರನ್ನು ನೀವು ನೋಡಿದ್ದೀರೋ ಇಲ್ಲವೋ. 2011ರ ಆಗಸ್ಟ್ 31ರಂದು ಮ್ಯಾಂಚೆಸ್ಟರ್‌ನಲ್ಲಿ ಅವರು ದೇಶಕ್ಕಾಗಿ ಆಡಿದ ಒಂದೇ ಒಂದು ಟ್ವೆಂಟಿ ಟ್ವೆಂಟಿ ಪಂದ್ಯದಲ್ಲಿ ಅದು ನಡೆಯಿತು. ಅದಕ್ಕೆ ಕೆಲವೇ ದಿನ ಮುಂಚೆ ಮುಗಿದ ಟೆಸ್ಟ್ ಸರಣಿಯಲ್ಲಿ ಭಾರತ ನಾಲ್ಕಕ್ಕೆ ನಾಲ್ಕೂ ಸೋತಿತ್ತು, ದ್ರಾವಿಡ್ ಒಬ್ಬರೇ ಮೂರು ಶತಕ ಹೊಡೆದಿದ್ದರು. ಓವಲ್‌ನಲ್ಲಿ ಆರಂಭಕ್ಕೆ ಹೋಗಿ, ತಂಡ 300ಕ್ಕೆ ಮುಗಿದಾಗ 146 ಮಾಡಿ ಔಟಾಗದೆ ಉಳಿದು, ಫಾಲೋ ಆನ್ ಎಂದಾಗ ಆ ಕ್ಷಣವೇ ಮತ್ತೆ ಆರಂಭಕ್ಕೆ ಇಳಿದರು. ಅವರಿಗಾಗ 38 ವರ್ಷ. ಬೇರೆ ಯಾರಾದರೂ ಹೋಗಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, “ಅವನಿಗೆ ಅದೆಲ್ಲ ಅಭ್ಯಾಸ ಕಣೆ” ಎಂದರು ನಮ್ಮವರು. ಅಭ್ಯಾಸವಾದವರಿಗೆ ದಣಿವಾಗುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಹಳೆಯದು.

ಮರು ಚಳಿಗಾಲದ ಆಸ್ಟ್ರೇಲಿಯ ಪ್ರವಾಸದಲ್ಲಿ ಅವರು ಮತ್ತೆ ಮತ್ತೆ ಬೌಲ್ಡ್ ಆದರು. ಬಿಡುವ ಮತ್ತು ತಡೆಯುವ ನಡುವಿನ ಆ ಕೂದಲೆಳೆಯ ಅಂದಾಜು ತಪ್ಪತೊಡಗಿತ್ತು. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಿವೃತ್ತಿ ಹೇಳಿದರು. ಕೊನೆಯ ಪಂದ್ಯದ ಮೆರವಣಿಗೆ ಕೇಳಲಿಲ್ಲ. ಇದನ್ನೂ ನಾನು ಬಿಡುವ ಕಲೆಗೇ ಸೇರಿಸುತ್ತೇನೆ. ಬಿಡುವುದನ್ನು ಬಲ್ಲವರು ಎಂಬುದಕ್ಕೆ ಆಮೇಲೂ ಸಾಕ್ಷಿಗಳು ಸಿಕ್ಕವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಬಂದಾಗ, ಕ್ರೀಡೆಯಲ್ಲಿ ಸಂಶೋಧನೆ ಮಾಡಿ ಅದನ್ನು ಸಂಪಾದಿಸಲು ಪ್ರಯತ್ನಿಸುತ್ತೇನೆ ಎಂದು ತಿಳಿಸಿ ಬೇಡವೆಂದರು. 2018ರಲ್ಲಿ ಅವರು ತರಬೇತಿ ಕೊಟ್ಟ 19 ವರ್ಷದೊಳಗಿನ ಹುಡುಗರು ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಜೊತೆಗಿದ್ದ ಸಿಬ್ಬಂದಿಗೆ 20 ಲಕ್ಷ ಎಂದು ಪ್ರಕಟಿಸಿತು. ಎಲ್ಲರಿಗೂ ಸಮನಾಗಿ ಕೊಡಿ ಎಂದರು ದ್ರಾವಿಡ್. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಗೌರವ ಡಾಕ್ಟರೇಟ್ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಬೀರು ತೆಗೆದು ನೋಡಿದೆ. ಎಂ.ಎ. ಅರ್ಜಿಯನ್ನು ಯಾವ ಕಾಲದಲ್ಲೋ ಇಲಿ ತಿಂದಿತ್ತು. ಅವರು ಬಂದದ್ದನ್ನು ಬೇಡವೆಂದು ಬಿಟ್ಟರು, ನಾನು ಬೇಕಾದ್ದನ್ನು ಬಿಟ್ಟಿದ್ದೆ. ಎರಡನ್ನೂ ಜನ ತ್ಯಾಗವೆಂದೇ ಕರೆಯುತ್ತಾರೆ!

2021ರಲ್ಲಿ ಒಂದು ಜಾಹೀರಾತು ಬಂತು. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡ ದ್ರಾವಿಡ್ ಕಾರಿನಿಂದ ಮೇಲೆದ್ದು ‘ಇಂದಿರಾನಗರದ ಗೂಂಡಾ ನಾನು’ ಎಂದು ಅರಚುತ್ತಾರೆ. ಊರೆಲ್ಲ ನಕ್ಕಿತು. ಸೌಮ್ಯ ಮನುಷ್ಯನಿಗೆ ಸಿಟ್ಟು ಬಂದರೆ ಅದು ನಗೆಚಾಟಿಕೆ ಆಗುತ್ತದೆ. ಅತ್ತೆಯ ಮನೆಯಲ್ಲಿ ನಾನು ದನಿ ಎತ್ತಿದ ಒಂದೆರಡು ಸಲವೂ ಎಲ್ಲರೂ ನಕ್ಕಿದ್ದರು. ಆದರೆ 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಅವರ ತರಬೇತಿಯ ತಂಡ ವಿಶ್ವಕಪ್ ಗೆದ್ದಾಗ, ಆಟಗಾರರು ಕಪ್ಪನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಮೇಲೆತ್ತಿ ಚಿಕ್ಕ ಹುಡುಗನ ಹಾಗೆ ಕಿರುಚಿದರು. 2007ರಲ್ಲಿ ತಲೆ ತಗ್ಗಿಸಿ ಹೊರಬಂದಿದ್ದ ಅದೇ ಕೆರಿಬಿಯನ್ ದ್ವೀಪಗಳಲ್ಲಿ. ಅದನ್ನು ನೋಡಿದ ಮೇಲೆ ನನ್ನ ಬಾಯಿಂದ ಗೋಡೆ ಎಂಬ ಮಾತು ಬಂದಿಲ್ಲ.

ಇಷ್ಟು ಬರೆದವಳು ತನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ ಗೆದ್ದ ಮೇಲೆ ನಮ್ಮ ಶಾಲೆಯ ಹುಡುಗಿಯರೂ ಆಟದ ಪೀರಿಯಡ್ಡಿನಲ್ಲಿ ಬ್ಯಾಟ್ ಕೇಳತೊಡಗಿದರು. ಒಂಬತ್ತನೆಯ ತರಗತಿಯಲ್ಲಿ ನನಗೊಬ್ಬಳು ಬಲು ಜವಾಬ್ದಾರಿಯ ಲೀಡರ್ ಇದ್ದಾಳೆ. ನೋಟ್ ಪುಸ್ತಕ ಒಟ್ಟುಮಾಡುವುದು, ಅಂಕ ಕೂಡಿಸುವುದು, ನಾನಿಲ್ಲದಾಗ ಗಲಾಟೆ ನಿಲ್ಲಿಸುವುದು ಎಲ್ಲ ಅವಳೇ. ಅಂಕಪಟ್ಟಿಯಲ್ಲಿ ‘ತರಗತಿಗೆ ಆಧಾರಸ್ತಂಭ’ ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಒಂದು ಮಧ್ಯಾಹ್ನ ಎಲ್ಲರೂ ಮೈದಾನಕ್ಕೆ ಓಡಿದ ಮೇಲೆ ಅವಳೊಬ್ಬಳು ನನ್ನ ಮೇಜಿನ ಬಳಿ ಬಂದು ನಿಂತಳು. ಕೈಯಲ್ಲಿ ನಾನು ಕೊಟ್ಟಿದ್ದ ನಲವತ್ತು ಪುಸ್ತಕಗಳ ಕಟ್ಟು.

“ಮಿಸ್, ಇವತ್ತು ಬೇರೆ ಯಾರಾದ್ರೂ ಮಾಡ್ಬಹುದಾ? ನಂಗೂ ಆಡ್ಬೇಕು.”

ಕೇಳುವಾಗ ಅವಳ ದನಿ ನಡುಗುತ್ತಿತ್ತು. ನಾನು ಆ ವಯಸ್ಸಿನಲ್ಲಿ, ಆ ವಯಸ್ಸು ಕಳೆದ ಮೇಲೂ, ಕೇಳಲಾಗದೆ ಹೋದ ಮಾತು ಅದು. ಕಟ್ಟನ್ನು ಇಸಿದುಕೊಂಡು ಹೋಗು ಎಂದೆ. ಅಂಕಗಳನ್ನು ನಾನೇ ಕೂಡಿಸುತ್ತಾ ಕಿಟಕಿಯಿಂದ ನೋಡಿದೆ. ಅವಳು ಬ್ಯಾಟ್ ಹಿಡಿದು ನಿಂತಿದ್ದಳು. ಮೊದಲ ಚೆಂಡು ದೂರದಲ್ಲಿ ಹೋಗುತ್ತಿದ್ದರೂ ಬೀಸಿ ತಪ್ಪಿದಳು. ಎರಡನೆಯದಕ್ಕೂ ಹಾಗೆಯೇ ಮಾಡಿದಳು. ಬಿಡುವುದನ್ನು ನಿಧಾನಕ್ಕೆ ಕಲಿಯುತ್ತಾಳೆ ಎಂದುಕೊಂಡು ಮುಂದಿನ ಪುಸ್ತಕ ತೆರೆದೆ.